ಬುದ್ಧಿ ಹೇಳಲು ಯಾರು ಬರಬೇಕು?

ಕೈಗೆ ಸಾಲ ಕೊಟ್ಟ ಮಾತ್ರಕ್ಕೆ ಸಣ್ಣ ವ್ಯಾಪಾರಿ ಉದ್ಧಾರವಾದನೆ? 2020ರಲ್ಲಿ ಸ್ವನಿಧಿ ಯೋಜನೆ ಆರಂಭವಾದಾಗ ಬೀದಿ ವ್ಯಾಪಾರಿಗೆ ಗೊತ್ತುಮಾಡಿದ ಮೊದಲ ಸಾಲ 10,000 ರೂಪಾಯಿ. ಅದರಲ್ಲಿ ಯಾವ ಸರಕು ಕೊಳ್ಳಬೇಕು, ಎಷ್ಟು ಉದ್ರಿ ಬಿಡಬೇಕು, ಬಂಡವಾಳ ಕರಗದಂತೆ ಮನೆ ನಡೆಸುವುದು ಹೇಗೆ ಎಂಬುದನ್ನು ಬ್ಯಾಂಕಿನ ಕಾಗದ ಹೇಳುವುದಿಲ್ಲ. ಹೇಳುವವರಿಲ್ಲದವನು ಕಡೆಗೆ ಬಡ್ಡಿ ಸಾಹುಕಾರನ ಜಗಲಿ ಹತ್ತುತ್ತಾನೆ.

1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಉಚಿತ ತರಬೇತಿ ಕೊಟ್ಟು, ಅದು ಮುಗಿದ ಮೇಲೂ ಬೆನ್ನಿಗೆ ನಿಂತಿತು. 1983ರಲ್ಲಿ ಬೆಂಗಳೂರಿನ ಮಹಿಳಾ ಉದ್ಯಮಿಗಳು 'ಅವೇಕ್' ಕಟ್ಟಿ ಹೊಸಬರಿಗೆ ದಾರಿ ತೋರಿದರು. ಹೊಳೆನರಸೀಪುರದಲ್ಲಿ ಏಕಾಗದು?

ತಕ್ಕಡಿ ಹಿಡಿದು ತಲೆ ನರೆತವರು, ಯಂತ್ರದ ಮರ್ಮ ಬಲ್ಲ ನಿವೃತ್ತ ಕಾರ್ಮಿಕರು ನಮ್ಮಲ್ಲಿಲ್ಲವೆ? ವಾರಕ್ಕೊಂದು ಸಂಜೆ ಹೊಸಬನ ಲೆಕ್ಕದ ಪುಸ್ತಕ ನೋಡಿಕೊಡಲಿ. ಉಪಕಾರವೆಂದು ಬೀಗಬೇಕಾಗಿಲ್ಲ, ನಾವೂ ಯಾರದೋ ಅಂಗಡಿಯಲ್ಲಿ, ಯಾರದೋ ಕೈಕೆಳಗೆ ಕಲಿತವರೇ.

ಆದರೆ ಅವನಿಗೆ ಸರಕು ಮಾರುವ ಸಗಟು ವ್ಯಾಪಾರಿಯಾಗಲಿ, ಸಾಲ ಕೊಟ್ಟ ಧಣಿಯಾಗಲಿ ಮಾರ್ಗದರ್ಶಕನಾಗಕೂಡದು. ಕುರಿ ಕಾಯಲು ತೋಳನನ್ನು ಬಿಟ್ಟಂತಾದೀತು! ನಮ್ಮ ಸೇವೆಯನ್ನೇ ನೆಪಮಾಡಿ ಸರ್ಕಾರ ತನ್ನ ಹೊಣೆ ಜಾರಿಸಿಕೊಳ್ಳಲೂ ಕೂಡದು. ಈ ಎರಡು ಎಚ್ಚರದೊಡನೆ, ಬಲ್ಲವರೇ, ಮುಂದೆ ಬನ್ನಿ.