ರಿಪೇರಿಗೆ ಮೊದಲು ಒಂದು ನಕಲು

‘ಸರ್ವರ್ ಕೆಟ್ಟಿದೆ, ಬೇಗ ಸರಿ ಮಾಡಪ್ಪ’ ಎನ್ನುವವರು ಬಹಳ. ‘ತಡವಾದರೂ ಪರವಾಗಿಲ್ಲ, ಡೇಟಾ ಉಳಿಸಪ್ಪ’ ಎನ್ನುವವರು ಕಡಿಮೆ. ಗೊರಗುಂಟೆಪಾಳ್ಯದಲ್ಲಿ ರೂಮ್ ಮಾಡಿಕೊಂಡು ಪೀಣ್ಯದ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನಂಥವರಿಗೆ ಈ ಎರಡು ಮಾತಿನ ಅಂತರ ಚೆನ್ನಾಗಿ ಗೊತ್ತು.

ಈಗ ಸಣ್ಣ ಘಟಕಗಳಲ್ಲೂ ನಾಲ್ಕಾರು ಡಿಸ್ಕ್ ಸೇರಿಸಿ ಒಂದೇ ‘ಸ್ಟೋರೇಜ್ ಪೂಲ್’ ಮಾಡಿರುತ್ತಾರೆ. ಬಿಲ್ಲು, ಡ್ರಾಯಿಂಗು, ಜಿಎಸ್‌ಟಿ ಲೆಕ್ಕ ಎಲ್ಲವೂ ಅದರಲ್ಲೇ. ಯಾವ ತುಣುಕು ಯಾರದು, ಎಲ್ಲಿದೆ ಎಂಬ ದಾಖಲೆಯೇ ಮೆಟಾಡೇಟಾ. ಅದು ಕೆಟ್ಟರೆ, ಹೊಲ ಇದ್ದಲ್ಲೇ ಇದ್ದು ಪಹಣಿ ಪುಸ್ತಕ ಮಾತ್ರ ಹರಿದುಹೋದಂತೆ. ಆ ಹೊತ್ತಿನಲ್ಲಿ ಪೂಲಿಗೆ ಹೊಸದಾಗಿ ಏನು ಬರೆದರೂ ಒಬ್ಬರ ಹೊಲವನ್ನು ಇನ್ನೊಬ್ಬರು ಉತ್ತಂತಾದೀತು.

ಆದ್ದರಿಂದ ನನ್ನ ವಾದ ಇಷ್ಟೆ: ಮೊದಲು ಬರೆಯುವುದನ್ನು ನಿಲ್ಲಿಸಿ. ಡಿಸ್ಕ್‌ಗಳ ಪೂರ್ತಿ ನಕಲು ತೆಗೆಯಿರಿ. ಅಷ್ಟು ಜಾಗವಿಲ್ಲವೇ? ಮೆಟಾಡೇಟಾದ ನಕಲನ್ನಾದರೂ ತೆಗೆಯಿರಿ. ಲಿನಕ್ಸ್‌ನ ಥಿನ್ ಪೂಲ್‌ನಲ್ಲಿ ಅದು ಹೆಚ್ಚೆಂದರೆ ಸುಮಾರು 16 ಜಿಬಿ. 32 ಜಿಬಿಯ ಪೆನ್‌ಡ್ರೈವ್ ಸಾಕು. ಆಮೇಲೆ ‘ಥಿನ್ ಚೆಕ್’ನಿಂದ ಪರೀಕ್ಷೆ, ‘ಥಿನ್ ರಿಪೇರ್’ನಿಂದ ದುರಸ್ತಿ. ಅದೂ ಹಳೆಯದರ ಮೇಲಲ್ಲ, ಬೇರೆ ಜಾಗಕ್ಕೆ. ಎಲ್‌ವಿಎಂನ ರಿಪೇರಿ ಕಮಾಂಡ್ ಕೂಡ ಹಳೆಯ ಮೆಟಾಡೇಟಾವನ್ನು ಪಕ್ಕಕ್ಕಿಟ್ಟು, ಹೊಸದನ್ನು ಮೀಸಲು ಜಾಗದಲ್ಲಿ ಬರೆಯುತ್ತದೆ. ಫೈಲುಗಳನ್ನು ತೆರೆದು ನೋಡುವವರೆಗೂ ಆ ಹಳೆಯದನ್ನು ಅಳಿಸಬಾರದು. ಝಡ್‌ಎಫ್‌ಎಸ್ ಆದರೆ, ಮೊದಲು ಓದಲು ಮಾತ್ರ ಬರುವಂತೆ ಪೂಲ್ ತೆರೆದು ಮುಖ್ಯವಾದದ್ದನ್ನು ಹೊರಗೆ ತೆಗೆದುಕೊಳ್ಳಬೇಕು. ಹಿಂದಿನ ಸ್ಥಿತಿಗೆ ಮರಳಿಸುವ ದೊಡ್ಡ ‘ಎಫ್’ ಆಯ್ಕೆಯಲ್ಲಿ ಕೊನೆಯ ಗಳಿಗೆಯ ಬರಹ ಹೋಗುತ್ತದೆ. ಅದರ ಜೊತೆ ಸಣ್ಣ ‘ಎನ್’ ಸೇರಿಸಿದರೆ ಏನನ್ನೂ ಬದಲಿಸದೆ ‘ಇದು ಸಾಧ್ಯವೇ’ ಎಂದಷ್ಟೇ ಹೇಳುತ್ತದೆ.

‘ನಮ್ಮಲ್ಲಿ ಮಿರರ್ ಇದೆ, ಸ್ನ್ಯಾಪ್‌ಶಾಟ್ ಇದೆ’ ಎಂದು ನೆಮ್ಮದಿಯಿಂದ ಇರುವವರೂ ಇದ್ದಾರೆ. ಮಿರರ್ ತಪ್ಪು ಬರಹವನ್ನೂ ನಿಷ್ಠೆಯಿಂದ ಎರಡೂ ಡಿಸ್ಕಿಗೆ ಇಳಿಸುತ್ತದೆ. ಸ್ನ್ಯಾಪ್‌ಶಾಟ್ ಬದುಕುವುದು ಅದೇ ಪೂಲಿನಲ್ಲಿ, ಅದೇ ಮೆಟಾಡೇಟಾ ನಂಬಿಕೊಂಡು. ಇವೆರಡೂ ಬ್ಯಾಕಪ್ ಅಲ್ಲ.

‘ಅಷ್ಟು ಹೊತ್ತು ಕೆಲಸ ನಿಂತರೆ ನಷ್ಟ ಯಾರು ಕೊಡ್ತಾರೆ?’ ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಏರಿಯಾದಲ್ಲೇ ಉತ್ತರವಿದೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡಾಗ ಸಂಚಾರ ನಿಲ್ಲಿಸಿದರು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳನ್ನು ಬಿಟ್ಟರು. ಲಾರಿ, ಬಸ್ಸುಗಳು 2024ರವರೆಗೆ ಕಾಯಬೇಕಾಯಿತು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತು ಎಲ್ಲರೂ ಬೈದದ್ದೇ. ರಿಪೇರಿಗೆ ಅಷ್ಟು ಕಾಲ ಬೇಕಿತ್ತೇ ಎಂದು ಕೇಳಬಹುದು. ಮೊದಲು ಭಾರ ಇಳಿಸಿದ್ದು ತಪ್ಪು ಎನ್ನಲಾಗದು. ಡೇಟಾ ವಿಷಯದಲ್ಲಂತೂ ಅರ್ಧ ದಿನದ ಕೂಲಿಯನ್ನು ಮುಂದಿನ ವಾರ ದುಡಿದುಕೊಳ್ಳಬಹುದು. ಹತ್ತು ವರ್ಷದ ಡ್ರಾಯಿಂಗುಗಳನ್ನು ಮತ್ತೆ ಯಾರು ಬರೆಯುತ್ತಾರೆ?

ನನ್ನ ಓರಗೆಯ ಗೆಳೆಯರಿಗೆ ಒಂದು ಮಾತು. ಇಂಟರ್‌ನೆಟ್‌ನಲ್ಲಿ ಸಿಕ್ಕ ಮೊದಲ ಕಮಾಂಡ್ ಒತ್ತಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು ಸುಲಭ. ಪಕ್ಕದಲ್ಲೇ ನಿಂತು ಅವಸರ ಮಾಡುವವರಿಗೆ ‘ಮೊದಲು ನಕಲು ತೆಗೀತೀನಿ ಸಾರ್, ಸಂಜೆವರೆಗೂ ಟೈಮ್ ಕೊಡಿ’ ಎನ್ನಲು ಧೈರ್ಯ ಬೇಕು. ಮಾಲೀಕರೂ ಬೀರುವಿನಲ್ಲಿ ಒಂದು ಖಾಲಿ ಡಿಸ್ಕ್ ಇಟ್ಟಿದ್ದರೆ ಆ ಧೈರ್ಯ ಹೇಳುವ ನಮಗೂ ಬರುತ್ತದೆ, ಕೇಳುವ ಅವರಿಗೂ ಬರುತ್ತದೆ.