ಹಿತ್ತಲಿನ ಪಂಜರ

ಜಗಲಿಯ ತೊಲೆಗೆ ತೂಗುಹಾಕಿದ ಪಂಜರ, ಅದರೊಳಗೊಂದು ಹಸಿರು ಗಿಳಿ, ಬಂದವರನ್ನೆಲ್ಲ ಅದು ಹೆಸರು ಹಿಡಿದು ಕರೆಯುವ ಸೊಗಸು. ನಮ್ಮ ಮನೆಗಳ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಯಾದಗಿರಿಯ ಗೃಹಸ್ಥರೊಬ್ಬರಿಗೆ ಅಂಥದೇ ಆಸೆ ಹುಟ್ಟಿತೆಂದು ಭಾವಿಸೋಣ. ಹೊಸ ಮನೆ ಕಟ್ಟಿಸಿದ್ದಾಗಿದೆ. ಹಿತ್ತಲಿನಲ್ಲಿ ಬೇವಿನ ಮರವಿದೆ. ಹತ್ತು ವರ್ಷದ ಮಗಳಿದ್ದಾಳೆ. ಹಳ್ಳಿಯ ಪರಿಚಿತನೊಬ್ಬ ಮರದ ಪೊಟರೆಯಿಂದ ತೆಗೆದ ಗಿಳಿಮರಿಯನ್ನು ಬುಟ್ಟಿಯಲ್ಲಿ ತಂದು ಮುಂದಿಟ್ಟ. ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. ಬಳಿಕ, “ಅಪ್ಪಾ, ಇದರ ಅವ್ವ ಎಲ್ಲಿ ಹ್ವಾದಳು?” ಎಂದು ಕೇಳಿದಳು.

ಹಕ್ಕಿ ಸಾಕಬೇಕೆನ್ನುವ ಪ್ರತಿಯೊಬ್ಬರೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯೇ ಇದು. ಕಾಯ್ದೆ ತನ್ನ ಉತ್ತರವನ್ನು ಹೇಳಿಬಿಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಸಾಮಾನ್ಯ ಹಸಿರು ಗಿಳಿ ಅದರ ಎರಡನೆಯ ಅನುಸೂಚಿಯಲ್ಲಿ ಸೇರಿದೆ. ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಹಾಗೆಂದು ಈಗಾಗಲೇ ಪಂಜರದಲ್ಲಿ ಬೆಳೆದ ಗಿಳಿಯನ್ನು ಬಾಗಿಲು ತೆರೆದು ಬಿಟ್ಟುಬಿಡುವುದು ದಯೆಯಲ್ಲ. ಆಹಾರ ಹುಡುಕಲೂ ಬೆಕ್ಕು, ಗಿಡುಗಗಳಿಂದ ತಪ್ಪಿಸಿಕೊಳ್ಳಲೂ ಅರಿಯದ ಹಕ್ಕಿ ಎಷ್ಟು ದಿನ ಬದುಕೀತು? ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ಸರಿಯಾದ ದಾರಿ.

ಹಾಗಾದರೆ ಹಿತ್ತಲಿನ ಪಂಜರದ ಆಸೆಯನ್ನೇ ಬಿಡಬೇಕೆ? ಬೇಕಾಗಿಲ್ಲ. ತಲೆಮಾರುಗಳಿಂದ ಮನುಷ್ಯರ ಆಶ್ರಯದಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ವಿದೇಶಿ ಹಕ್ಕಿಗಳುಂಟು. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಗಿಳಿಗಳು ಬಹುಪಾಲು ಅಂಥವೇ. ಆದರೆ ಆ ಹೆಸರು ತಪ್ಪು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇದು ಆಸ್ಟ್ರೇಲಿಯದ ಬಜರಿಗಾರ್. ಪಕ್ಷಿಶಾಸ್ತ್ರಜ್ಞ ಜಾನ್ ಗೋಲ್ಡ್ ಇವನ್ನು 1840ರಲ್ಲಿ ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಲ್ಲಿಂದ ಇವು ಲೋಕದ ಮನೆಮನೆಗಳನ್ನು ಸೇರಿದವು. ಬೆಳೆದ ಗಂಡಿಗೆ ಕೊಕ್ಕಿನ ಮೇಲಣ ಮೂಗಿನ ಭಾಗ ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ಬೇರೆ ವಿದೇಶಿ ಗಿಳಿಗಳಲ್ಲಿ ಅನೇಕವನ್ನು ಸರ್ಕಾರದಲ್ಲಿ ನೋಂದಾಯಿಸಬೇಕಾಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ವಿಚಾರಿಸಿಕೊಳ್ಳುವುದು ಜಾಣತನ.

ಪಂಜರವೆಂದರೆ ಹಕ್ಕಿಗೆ ಮನೆ. ನೋಡುವವರ ಕಣ್ಣಿಗೆ ಅಲಂಕಾರವಲ್ಲ. ಹಕ್ಕಿ ಅಡ್ಡಡ್ಡ ಹಾರುತ್ತದೆಯೇ ಹೊರತು ನೆಟ್ಟಗೆ ಮೇಲಕ್ಕಲ್ಲ. ಆದುದರಿಂದ ಎತ್ತರಕ್ಕಿಂತ ಉದ್ದವೇ ಮುಖ್ಯ. ಎರಡು ಜೋಡಿಗೆ 6 ಅಡಿ ಉದ್ದ, 3 ಅಡಿ ಅಗಲವಿದ್ದರೆ ಒಪ್ಪುತ್ತದೆ. ಜಾಲರಿಯ ಕಣ್ಣು ಅರ್ಧ ಅಂಗುಲ ಮೀರಬಾರದು. ಮೀರಿದರೆ ಹಾವೂ ಇಲಿಯೂ ಒಳಗೆ ಬಂದಾವು. ಹೊಸ ತಂತಿಯ ಮೇಲಿನ ಸತುವು ವಿಷ. ಗಿಳಿ ಅದನ್ನು ಕಚ್ಚುವ ಮೊದಲೇ ವಿನೆಗರಿನಿಂದ ಉಜ್ಜಿ ತೊಳೆದಿರಬೇಕು. ಬಾಗಿಲು ಒಂದರ ಹಿಂದೆ ಒಂದರಂತೆ ಎರಡಿದ್ದರೆ, ಕಾಳು ಹಾಕಲು ಹೋದ ಗಳಿಗೆಯಲ್ಲಿ ಹಕ್ಕಿ ಪಾರಾಗದು. ಕೂರಲು ನುಣುಪಾದ ಒಂದೇ ಅಳತೆಯ ಕೋಲು ಬೇಡ. ಬೇವಿನ, ಸೀಬೆಯ ಟೊಂಗೆಗಳಿರಲಿ, ಕಾಲಿಗೆ ಹಿತ.

ಆದರೆ ಯಾದಗಿರಿಯಲ್ಲಿ ನಿಜವಾದ ಪರೀಕ್ಷೆ ಬಿಸಿಲಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಹಕ್ಕಿಗೆ ಬೆವರುವ ಶಕ್ತಿಯಿಲ್ಲ. ಸೆಕೆಯಾದರೆ ಕೊಕ್ಕು ತೆರೆದು ಏದುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ. ಆ ಗುರುತು ಕಂಡರೆ ತಡಮಾಡಲಾಗದು. ಪಂಜರವನ್ನು ಬೇವಿನ ನೆರಳಿನಲ್ಲಿಯೇ ನಿಲ್ಲಿಸಿ, ಮುಖವನ್ನು ಪೂರ್ವಕ್ಕಿಟ್ಟು, ಪಶ್ಚಿಮಕ್ಕೆ ಮರೆ ಕಟ್ಟಬೇಕು. ಬರಿಯ ತಗಡಿನ ಮಾಡು ಒಲೆಯಾದೀತು. ಮೇಲೆ ದಪ್ಪನೆಯ ಹುಲ್ಲು ಹೊದಿಸುವುದು ಕ್ಷೇಮ. ಸ್ನಾನಕ್ಕೆ ಅಗಲವಾದ ಮಣ್ಣಿನ ತಟ್ಟೆ ಬೇಕು. ಕುಡಿಯುವ ನೀರನ್ನು ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ಬದಲಿಸಬೇಕು.

ಊಟದ ಚಿಂತೆ ಈ ಸೀಮೆಯವರಿಗಿಲ್ಲ. ನವಣೆ, ಸಜ್ಜೆ ಇಲ್ಲಿಯ ಸಂತೆಯ ಸರಕೇ. ಕೊತ್ತಂಬರಿ, ಮೆಂತ್ಯದ ಸೊಪ್ಪನ್ನು ಚೆನ್ನಾಗಿ ತೊಳೆದು ಕೊಡಬಹುದು. ಸುಣ್ಣದ ಅಂಶಕ್ಕೆ ಸಮುದ್ರನೊರೆಯ ತುಣುಕನ್ನು ಸಿಕ್ಕಿಸಿಟ್ಟರಾಯಿತು. ಬೆಣ್ಣೆಹಣ್ಣು ಮಾತ್ರ ಹಕ್ಕಿಗೆ ಮಾರಕ. ಗೂಡಿನ ಪೆಟ್ಟಿಗೆಯಿಟ್ಟರೆ ಹೆಣ್ಣು 4ರಿಂದ 6 ಮೊಟ್ಟೆಯಿಟ್ಟು, ಒಂದೊಂದಕ್ಕೂ ಸುಮಾರು 18 ದಿನ ಕಾವು ಕೊಡುತ್ತದೆ. ಆ ಕಾಲದಲ್ಲಿ ಗಂಡು ತನ್ನ ಬಾಯಿಂದಲೇ ಅದಕ್ಕೆ ಉಣಿಸುವ ನೋಟ ಮನೆಯ ಯಜಮಾನರು ನೋಡಿ ಕಲಿಯತಕ್ಕದ್ದು! ಮರಿಗಳು ಗೂಡಿನಿಂದ ಹೊರಬರಲು ಸುಮಾರು ಐದು ವಾರ ಬೇಕು.

ಇಷ್ಟೆಲ್ಲ ಓದಿದ ಮೇಲೆ ಗೃಹಸ್ಥರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರು ಬಿಟ್ಟರೆ ನೀರು ಹಾಕುವವರು ಯಾರು? ಮಗಳ ಉತ್ಸಾಹ ತಿಂಗಳಲ್ಲಿ ತಗ್ಗಿದರೆ ಪಂಜರ ತೊಳೆಯುವವರು ಯಾರು? ಹಕ್ಕಿಯ ಆಯುಸ್ಸು ವರ್ಷಗಳದು. ಮಕ್ಕಳ ಹಟ ವಾರಗಳದು. ಇದಕ್ಕೆ ಉತ್ತರವಿಲ್ಲದವರು ಪಂಜರ ಕಟ್ಟಿಸದಿರುವುದೇ ಲೇಸು.

ಅಂಥವರಿಗೆ ಸುರಪುರದ ಬಳಿಯ ಬೋನಾಳ ಕೆರೆಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನೂ ಮೆಚ್ಚಿದ ಕೆರೆಯದು, ಇಂದು ಪಕ್ಷಿಧಾಮ. ಬೆಳಗಿನ ಹೊತ್ತು ದಂಡೆಯಲ್ಲಿ ಸದ್ದಿಲ್ಲದೆ ನಿಂತರೆ ಬೆಳ್ಳಕ್ಕಿಯೂ ನೀರುಕೋಳಿಯೂ ತಮ್ಮ ಸಂಸಾರವನ್ನು ತಾವೇ ನಡೆಸಿಕೊಂಡಿರುವುದನ್ನು ಕಾಣಬಹುದು. ಮನೆಗೆ ಮರಳಿ ಬೇವಿನ ಟೊಂಗೆಗೊಂದು ನೀರಿನ ಕುಡಿಕೆ ಕಟ್ಟಿದರೆ, ಬಿಸಿಲಿಗೆ ಬಾಯಾರಿದ ಗುಬ್ಬಿಯೂ ಗಿಳಿಯೂ ತಾವಾಗಿ ಬಂದಾವು. ಅವು ಕುಡಿದು ಎತ್ತ ಹಾರಿದವೆಂದು ಮಗಳು ಕೇಳಿದರೆ, ತಂದೆಯಾದವರು ತಲೆ ತಗ್ಗಿಸದೆ ಉತ್ತರ ಹೇಳಬಹುದು: “ತಮ್ಮ ಅವ್ವನ ಹತ್ರ ಹ್ವಾದವು, ಮಗಳೆ.”