ಮೆಡಿಟರೇನಿಯನ್ ಬಿಸಿಲಿಗೆ ಬಾಡಿಗೆ ಕಟ್ಟೋರು ಯಾರು?

ಯುರೋಪಿನಲ್ಲಿ ಕೆಲಸಕ್ಕಿರುವ ನನ್ನ ಐಟಿ ಗೆಳೆಯರಲ್ಲಿ ಈಗೊಂದು ಹೊಸ ಲೆಕ್ಕಾಚಾರ ಶುರುವಾಗಿದೆ. ಚಳಿಗಾಲದ ಮೂರು ತಿಂಗಳು ಲ್ಯಾಪ್‌ಟಾಪ್ ಎತ್ಕೊಂಡು ಮೆಡಿಟರೇನಿಯನ್ ಕರಾವಳಿಗೆ ಹೋಗಿಬಿಡೋದು. ಸ್ಪೇನ್‌ನ ಮಲಾಗಾ ಒಳ್ಳೇದಾ, ಅಲಿಕಾಂತೆನಾ, ಇಲ್ಲಾ ಟರ್ಕಿಯ ಅಂತಾಲ್ಯಾನಾ ಅಂತ ಕೇಳ್ತಾರೆ. ಅವರು ಕೇಳೋದು ಹವಾಮಾನದ ಪ್ರಶ್ನೆ. ನನಗದು ಮನೆ ಬಾಡಿಗೆಯ ಪ್ರಶ್ನೆಯಾಗಿ ಕಾಣುತ್ತೆ.

ಹವಾಮಾನದ ಮಾತು ಬೇಗ ಮುಗಿಸಿಬಿಡೋಣ. ಮೆಡಿಟರೇನಿಯನ್‌ಗೆ ಚಳಿಗಾಲವೇ ಮಳೆಗಾಲ, ನಮ್ಮ ಮುಂಗಾರಿಗೆ ಪೂರ್ತಿ ಉಲ್ಟಾ. ಅಂತಾಲ್ಯಾದಲ್ಲಿ ಡಿಸೆಂಬರ್, ಜನವರಿಯಲ್ಲೇ ಜೋರು ಮಳೆ. ಗ್ರೀಸ್‌ನ ಸಣ್ಣ ದ್ವೀಪಗಳಲ್ಲಿ ಚಳಿಗಾಲಕ್ಕೆ ಹೋಟೆಲ್‌ಗಳೇ ಬಾಗಿಲು ಹಾಕಿರ್ತವೆ. ಸ್ಪೇನ್‌ನ ಆಗ್ನೇಯ ಕರಾವಳಿಯ ಕತೆ ಬೇರೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳನ್ನು ಬೆಟ್ಟಸಾಲು ತಡೆಯುತ್ತೆ. ಪಶ್ಚಿಮ ಘಟ್ಟದ ಈಚೆಗಿರುವ ಚಿತ್ರದುರ್ಗ ಒಣಗಿರುವ ಹಾಗೇ ಅದೂ ಒಣಗಿದೆ. ಅಲ್ಮೇರಿಯಾದಲ್ಲಿ ವರ್ಷಕ್ಕೆ ಬೀಳೋದು ಸುಮಾರು 200 ಮಿ.ಮೀ. ಮಳೆ. ಜನವರಿಯ ಹಗಲಲ್ಲೂ 17 ಡಿಗ್ರಿ ಆಸುಪಾಸು ಇರುತ್ತೆ. ಬರೀ ಬಿಸಿಲು ಬೇಕಿದ್ದರೆ ಉತ್ತರ ಸಿಕ್ಕಿತು.

ಆದರೆ ಆ ಬಿಸಿಲಲ್ಲಿ ಎಷ್ಟು ದಿನ ಕೂರಬಹುದು ಅನ್ನೋದನ್ನ ಪಾಸ್‌ಪೋರ್ಟ್ ತೀರ್ಮಾನಿಸುತ್ತೆ. ಜರ್ಮನಿಯ ಪಿಂಚಣಿದಾರ ಇಡೀ ಚಳಿಗಾಲ ಇದ್ದು ಹೋಗಬಹುದು. ಬ್ರಿಟನ್‌ನವರಿಗೂ ಆ ಸೌಲಭ್ಯ ಇತ್ತು, 2021ರಿಂದ ಬ್ರೆಕ್ಸಿಟ್ ಅದನ್ನ ಕಿತ್ತುಕೊಂಡಿತು. ಈಗ ಅವರಿಗೂ ನಮ್ಮ ಹಾಗೇ 180 ದಿನಗಳಲ್ಲಿ 90 ದಿನ ಅಷ್ಟೇ. ನಮಗೆ ಅದಕ್ಕೂ ಮೊದಲೇ ವೀಸಾ ಬೇಕು ಅನ್ನೋದು ಬೇರೆ ಮಾತು. ದುಡ್ಡಿದ್ದವರಿಗೆ ಮಾತ್ರ ಬೇರೆ ಬಾಗಿಲುಗಳಿದ್ದವು. 5 ಲಕ್ಷ ಯೂರೋ ಕೊಟ್ಟು ಮನೆ ಕೊಂಡರೆ ಸಿಗುತ್ತಿದ್ದ ‘ಗೋಲ್ಡನ್ ವೀಸಾ’ವನ್ನು ಸ್ಪೇನ್ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅದಕ್ಕೆ ಸರ್ಕಾರ ಕೊಟ್ಟ ಕಾರಣ ಮನೆಗಳ ಬೆಲೆ. 2023ರಲ್ಲಿ ತೆರೆದ ‘ಡಿಜಿಟಲ್ ನೊಮ್ಯಾಡ್ ವೀಸಾ’ ಮಾತ್ರ ಇನ್ನೂ ಇದೆ. ವಿದೇಶಿ ಕಂಪನಿಯಿಂದ ಸಂಬಳ ತಗೊಳ್ಳೋ ಒಬ್ಬರ ಆದಾಯ ಸ್ಪೇನ್‌ನ ಕನಿಷ್ಠ ವೇತನದ ಎರಡರಷ್ಟಾದರೂ ಇದ್ದರೆ ಅರ್ಜಿ ಹಾಕಬಹುದು. ಅಂದರೆ ಅಲ್ಲಿ ಹೋಟೆಲ್‌ನಲ್ಲಿ ಕೆಲಸ ಮಾಡೋ ಹುಡುಗಿಯ ಎರಡರಷ್ಟು ದುಡಿಯೋರು ಅದೇ ಬೀದಿಯಲ್ಲಿ ಬಾಡಿಗೆ ಮನೆ ಹುಡುಕಲಿ ಅಂತ ಸರ್ಕಾರವೇ ಕರೆದಂತಾಯ್ತು.

ಗಮನಿಸಬೇಕಾದ್ದು ಇಲ್ಲೇ. ಸ್ಪೇನ್ ಕಾನೂನಿನ ಪ್ರಕಾರ ವಾಸದ ಮನೆಗೆ ಬಾಡಿಗೆಗೆ ಬಂದವರಿಗೆ ಕನಿಷ್ಠ 5 ವರ್ಷ ಇರುವ ಹಕ್ಕಿದೆ, ಮಾಲೀಕ ಕಂಪನಿಯಾಗಿದ್ದರೆ 7 ವರ್ಷ. 2023ರ ವಸತಿ ಕಾಯ್ದೆ ಬಂತು, 2024ರ ಮಾರ್ಚ್‌ನಲ್ಲಿ ಕ್ಯಾಟಲೋನಿಯಾ ಅದನ್ನು ಬಳಸಿ ಬಾಡಿಗೆಗೆ ಮಿತಿ ಹಾಕಿತು. ಮಾಲೀಕರು ಸುಮ್ಮನಿರ್ತಾರಾ? ‘ಸೀಸನ್ ಬಾಡಿಗೆ’ ಕಡೆ ವಾಲಿದರು. ಒಂದು ತಿಂಗಳ ಮೇಲೆ, 11 ತಿಂಗಳೊಳಗೆ ಅನ್ನೋ ಕರಾರು. ಅದಕ್ಕೆ 5 ವರ್ಷದ ಹಕ್ಕೂ ಇಲ್ಲ, ಆಗ ಹಾಕಿದ ಮಿತಿಯೂ ತಾಗುತ್ತಿರಲಿಲ್ಲ. (ಬೆಂಗಳೂರಲ್ಲಿ ಬಾಡಿಗೆಗೆ ಇದ್ದವರಿಗೆ 11 ತಿಂಗಳ ಅಗ್ರಿಮೆಂಟ್ ಮಹಿಮೆ ಹೇಳಬೇಕಿಲ್ಲ.) ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಫ್ಲ್ಯಾಟ್ ಹುಡುಕೋ ನನ್ನ ಗೆಳೆಯರು ಈ ಸೀಸನ್ ಬಾಡಿಗೆಗೆ ಹೇಳಿ ಮಾಡಿಸಿದ ಗಿರಾಕಿಗಳು.

ಚಳಿಗಾಲ ಆಫ್ ಸೀಸನ್, ಖಾಲಿ ಮನೆ ತುಂಬಿದರೆ ಯಾರಿಗೇನು ನಷ್ಟ ಅಂತ ವಾದ ಮಾಡೋರಿದ್ದಾರೆ. ಆದರೆ ಆ ಮನೆಗಳು ಖಾಲಿ ಇರಲ್ಲ. ಕರಾವಳಿ ಊರುಗಳಲ್ಲಿ ‘ಸೆಪ್ಟೆಂಬರ್‌ನಿಂದ ಜೂನ್’ ಕರಾರು ಮಾಮೂಲು. ಶಾಲಾ ಶಿಕ್ಷಕರು, ನರ್ಸ್‌ಗಳು, ವಿದ್ಯಾರ್ಥಿಗಳು ಆ ಒಂಬತ್ತು-ಹತ್ತು ತಿಂಗಳು ಇದ್ದು, ಬೇಸಿಗೆಗೆ ಪ್ರವಾಸಿಗರು ಬಂದಾಗ ಗಂಟುಮೂಟೆ ಕಟ್ಟಬೇಕು. ಇಬೀಸಾ ದ್ವೀಪದಲ್ಲಿ ಕೆಲಸಗಾರರು ವ್ಯಾನ್‌ಗಳಲ್ಲಿ ಮಲಗೋದು ವರ್ಷವರ್ಷದ ಸುದ್ದಿ. ಬೇಸಿಗೆ ಮೊದಲೇ ಅವರ ಕೈತಪ್ಪಿದೆ. ಚಳಿಗಾಲಕ್ಕೂ ಯೂರೋ ಎಣಿಸೋರು ಬಂದರೆ ಟೀಚರ್ ಎಲ್ಲಿಗೆ ಹೋಗಬೇಕು?

ಹಾಗಂತ ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟೋದು ಸೋಮಾರಿ ರಾಜಕಾರಣ. ಸ್ಪೇನ್‌ನಲ್ಲಿ ಸರ್ಕಾರಿ ಬಾಡಿಗೆ ಮನೆಗಳ ಪಾಲು ಶೇ. 2.5ರ ಆಸುಪಾಸು, ಯುರೋಪಿನ ಸರಾಸರಿಗಿಂತ ತುಂಬಾ ಕೆಳಗೆ. ದಶಕಗಳ ಕಾಲ ಕಟ್ಟಿದ್ದನ್ನೆಲ್ಲ ಮಾರಿದ ಸರ್ಕಾರಗಳು ಈಗ ಪ್ರವಾಸಿಗರ ಕಡೆ ಬೆರಳು ತೋರಿಸ್ತಿವೆ. 2025ರ ಮೇನಲ್ಲಿ 65 ಸಾವಿರಕ್ಕೂ ಹೆಚ್ಚು ಜಾಹೀರಾತು ತೆಗೆಯುವಂತೆ ಏರ್‌ಬಿಎನ್‌ಬಿಗೆ ಆದೇಶಿಸಿದ್ದು, 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಫ್ಲ್ಯಾಟ್‌ಗಳನ್ನೆಲ್ಲ ಮುಚ್ಚುತ್ತೇವೆ ಅಂತ ಬಾರ್ಸಿಲೋನಾ ಹೇಳಿದ್ದು ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಅದರಿಂದ ಹೊಸ ಮನೆ ಒಂದೂ ಹುಟ್ಟಲ್ಲ.

ಇದೇ ಕರಾವಳಿಯಲ್ಲಿ ಇನ್ನೊಂದು ದಾರಿಯೂ ಇದೆ, ಯಾಕೋ ಅದರ ಬಗ್ಗೆ ಮಾತು ಕಮ್ಮಿ. ಬೆನಿಡೋರ್ಮ್ ಅಂದರೆ ಗಗನಚುಂಬಿ ಹೋಟೆಲ್‌ಗಳು, ಅಗ್ಗದ ಬಿಯರ್ ಅಂತ ಮೂಗು ಮುರಿಯೋರೇ ಹೆಚ್ಚು. ಆದರೆ 1985ರಿಂದ ಸ್ಪೇನ್ ಸರ್ಕಾರ ತನ್ನ ಪಿಂಚಣಿದಾರರನ್ನು ರಿಯಾಯಿತಿ ದರದಲ್ಲಿ ಆಫ್ ಸೀಸನ್‌ನಲ್ಲಿ ಇಂಥ ಊರುಗಳಿಗೆ ಕಳಿಸ್ತಾ ಬಂದಿದೆ. ‘ಇಮ್‌ಸೆರ್ಸೊ’ ಅಂತ ಆ ಯೋಜನೆ. ಹಿರಿಯರಿಗೆ ಬಿಸಿಲು, ಹೋಟೆಲ್ ಕಾರ್ಮಿಕರಿಗೆ ಚಳಿಗಾಲದಲ್ಲೂ ಸಂಬಳ. ದರ ಸಾಲಲ್ಲ ಅಂತ ಹೋಟೆಲ್ ಮಾಲೀಕರು ಗೊಣಗ್ತಾರೆ, ಗೊಣಗಲಿ. ಅಲ್ಲಿ ತುಂಬೋದು ಹೋಟೆಲ್ ಕೋಣೆ, ಯಾರದೋ ವಾಸದ ಮನೆಯಲ್ಲ. ಹಾಗಾಗಿ ಗೆಳೆಯರಿಗೆ ನಾನು ಹೇಳೋದು ಇಷ್ಟು: ಬೆನಿಡೋರ್ಮ್‌ನಲ್ಲಿ ಹೋಟೆಲ್ ನೋಡಿ. ಮಲಾಗಾ ವಿಶ್ವವಿದ್ಯಾಲಯದ ಪಕ್ಕದ ಎರಡು ಬೆಡ್‌ರೂಮ್ ಫ್ಲ್ಯಾಟ್ ಮೇಲೆ ಕಣ್ಣು ಹಾಕಬೇಡಿ. ಫ್ಲ್ಯಾಟೇ ಬೇಕು ಅಂದರೆ, ಹೋದ ಚಳಿಗಾಲ ಅದರಲ್ಲಿ ಯಾರಿದ್ದರು ಅಂತ ಮಾಲೀಕರನ್ನ ಕೇಳಿ.

ಬೆನಿಡೋರ್ಮ್‌ನಿಂದ ದಕ್ಷಿಣಕ್ಕೆ ಅಲ್ಮೇರಿಯಾ ಕಡೆ ಬಸ್ಸು ಹತ್ತಿದರೆ ಬಿಳಿ ಪ್ಲಾಸ್ಟಿಕ್ ಹೊದ್ದ ಭೂಮಿ ಸಿಗುತ್ತೆ. ಸುಮಾರು 30 ಸಾವಿರ ಹೆಕ್ಟೇರ್ ಹಸಿರುಮನೆಗಳು. ಚಳಿಗಾಲದಲ್ಲಿ ಉತ್ತರ ಯುರೋಪ್ ತಿನ್ನೋ ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಬೆಳೆಯೋದು ಇಲ್ಲೇ. ಬಿಡಿಸೋರಲ್ಲಿ ಹೆಚ್ಚಿನವರು ಮೊರಾಕ್ಕೊ, ಪಶ್ಚಿಮ ಆಫ್ರಿಕಾದಿಂದ ಬಂದವರು. ಎಷ್ಟೋ ಮಂದಿ ಹಳೇ ಪ್ಲಾಸ್ಟಿಕ್, ಹಲಗೆ ಸೇರಿಸಿ ಕಟ್ಟಿದ ಗುಡಿಸಲಲ್ಲಿದ್ದಾರೆ. 2000ನೇ ಇಸವಿಯ ಫೆಬ್ರವರಿಯಲ್ಲಿ ಇಲ್ಲಿನ ಎಲ್ ಎಹಿದೊ ಊರಲ್ಲಿ ಮೊರಾಕ್ಕೊದವರ ಮೇಲೆ ದಿನಗಟ್ಟಲೆ ದಾಳಿ ನಡೆಯಿತು. ಆ ಕರಾವಳಿಯ ಚಳಿಗಾಲದ ಬಿಸಿಲಿಗಾಗಿ ಬಂದವರೇ ಇವರೂ. ಕರಾವಳಿಯ ವಿಲ್ಲಾದಲ್ಲಿರೋ ಜರ್ಮನ್ ಅಜ್ಜನನ್ನು ‘ನಿವಾಸಿ’ ಅಂತಾರೆ, ಇವರನ್ನು ‘ವಲಸಿಗರು’ ಅಂತಾರೆ. ಲ್ಯಾಪ್‌ಟಾಪ್ ಹಿಡಿದು ಹೋಗೋ ನಮ್ಮವರಿಗೆ ಯಾವ ಹೆಸರು ಸಿಗುತ್ತೆ ಅನ್ನೋದು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ ಮೇಲೆ.